ಡ್ರಾಯರ್‌ನಲ್ಲಿಟ್ಟ ಹಾಲ್ ಟಿಕೆಟ್: ದಾವಣಗೆರೆ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿಯ ಸಿಇಒ ಅವರಿಗೆ ನಮಸ್ಕಾರ.

ಜಗಳೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ನಿಮ್ಮ ಕಡತಗಳಲ್ಲಿ ಅದರ ಹೆಸರು ಅರಿವು ಕೇಂದ್ರ, ಊರಿನವರ ಬಾಯಲ್ಲಿ ಇನ್ನೂ ಲೈಬ್ರರಿಯೇ. ಒಂದು ದೊಡ್ಡ ಕೋಣೆ, ನಾಲ್ಕು ಬೀರು, ಎರಡು ಟ್ಯೂಬ್‌ಲೈಟು. ಅದರಲ್ಲೊಂದು ಮನಸ್ಸು ಬಂದಾಗ ಉರಿಯುತ್ತದೆ. ಅರ್ಜಿ ಬರೆದು ಟಪಾಲಿಗೆ ಹಾಕುವುದು ಬಿಟ್ಟು ಹೀಗೆ ಎಲ್ಲರೆದುರು ಬರೆಯುತ್ತಿರುವುದಕ್ಕೆ ಕಾರಣವಿದೆ. ಅರ್ಜಿಯ ಮೇಲೆ 'ವಿಷಯ' ಅಂತ ಒಂದು ಸಾಲು ಬರೆಯಬೇಕಲ್ಲ, ಅಲ್ಲೇ ಸಿಕ್ಕಿಕೊಂಡೆ. ನಾನು ಹೇಳಬೇಕಾದ್ದು ಕುಡಿತದ ಮನೆಗಳಲ್ಲಿ ಬೆಳೆಯುವ ಮಕ್ಕಳ ವಿಷಯ. ಅದು ಅಬಕಾರಿ ಇಲಾಖೆಗೆ ಸೇರಿದ್ದೋ, ಶಿಕ್ಷಣ ಇಲಾಖೆಗೋ, ಆರೋಗ್ಯಕ್ಕೋ, ಮಹಿಳಾ ಮತ್ತು ಮಕ್ಕಳ ಇಲಾಖೆಗೋ ತಿಳಿಯದೆ ಎರಡು ಸಲ ಬರೆದು ಹರಿದೆ. ಊರು, ಮಕ್ಕಳ ಗುರುತು ಸಿಗಬಾರದೆಂದು ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ, ಉಳಿದದ್ದೆಲ್ಲ ಕಂಡದ್ದು ಕಂಡಂತೆ.

ನನ್ನ ಮೇಜಿಗೆ ಬೀಗವಿರುವ ಒಂದು ಡ್ರಾಯರ್ ಇದೆ. ಅದರಲ್ಲಿ ಸೀಲು, ಸ್ಟಾಂಪ್ ಪ್ಯಾಡು, ಹಾಜರಿ ಪುಸ್ತಕ ಇರಬೇಕು. ಕಳೆದ ಮಾರ್ಚ್‌ನಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ವಾರ ಇದೆ ಎನ್ನುವಾಗ, ಒಬ್ಬಳು ಹುಡುಗಿ ಬಂದು ಪ್ಲಾಸ್ಟಿಕ್ ಕವರಿನಲ್ಲಿ ಮಡಚದೆ ಇಟ್ಟುಕೊಂಡಿದ್ದ ಹಾಲ್ ಟಿಕೆಟ್ ಮುಂದೆ ಹಿಡಿದಳು. "ಅಕ್ಕಾ, ಇದು ನಿಮ್ ಹತ್ರ ಇರ್ಲಿ. ಪರೀಕ್ಷೆ ದಿನ ಬಂದು ಇಸ್ಕೊಂಡು ಹೋಗ್ತೀನಿ" ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ. ಅವಳೇ ಹೇಳಿದಳು: "ಹಿಂದಿನ ವರ್ಷ ಅಣ್ಣಂದು ಅಪ್ಪ ಹರಿದ್ಹಾಕಿದ್ದ. ಬೆಳಿಗ್ಗೆ ಎದ್ದು ಅವನೇ ಗಮ್ ಹಚ್ಚಿ ಅಂಟಿಸಿಕೊಟ್ಟ."

ರಾತ್ರಿ ಹರಿದವನೂ ಬೆಳಿಗ್ಗೆ ಅಂಟಿಸಿದವನೂ ಒಬ್ಬನೇ. ಕುಡುಕ ಅಪ್ಪ ಅಂದಕೂಡಲೇ ಜನ ಮೊದಲನೆಯವನನ್ನು ಮಾತ್ರ ಕಣ್ಣಮುಂದೆ ತಂದುಕೊಳ್ಳುತ್ತಾರೆ. ಮಕ್ಕಳಿಗೆ ಇಬ್ಬರ ಜೊತೆಗೂ ಬಾಳಬೇಕು. ಮೆಕ್ಕೆಜೋಳ ಹಾಕಲು ದಾವಣಗೆರೆ ಮಾರ್ಕೆಟ್‌ಗೆ ಹೋದವನು ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ನಗುನಗುತ್ತಾ ಬಂದರೂ ಅವನೇ ಅಪ್ಪ, ಜೋಳದ ದುಡ್ಡು ಅರ್ಧ ಖಾಲಿ ಮಾಡಿಕೊಂಡು ಬಾಗಿಲು ಒದ್ದರೂ ಅವನೇ. ಬರೀ ಕೆಟ್ಟವನಾಗಿದ್ದರೆ ದ್ವೇಷಿಸಿ ಸುಮ್ಮನಾಗಬಹುದಿತ್ತು. ಹದಿನೈದು ವರ್ಷದವರಿಗೆ ಈ ಎರಡನ್ನೂ ಹೊಂದಿಸಿಕೊಳ್ಳುವುದು ಹೇಗೆ ಅಂತ ಯಾವ ಪಾಠದಲ್ಲೂ ಬರೆದಿಲ್ಲ.

ಈಗ ಆ ಡ್ರಾಯರ್‌ನಲ್ಲಿ ಡೇರಿಯ ಎರಡು ಹಾಲಿನ ಪುಸ್ತಕಗಳಿವೆ. ಒಬ್ಬಳ ಜಾತಿ-ಆದಾಯ ಪ್ರಮಾಣಪತ್ರವಿದೆ. ಒಬ್ಬ ಹುಡುಗ ತನ್ನ ತಾಯಿಯ ಗೃಹಲಕ್ಷ್ಮಿ ದುಡ್ಡು ಬರುವ ಎಟಿಎಂ ಕಾರ್ಡನ್ನು ಡ್ರಾಯರಿಗೂ ಕೊಡದೆ, ಬೀರುವಿನ ಮೇಲಿನ ಸಾಲಿನಲ್ಲಿ ಯಾರೂ ಮುಟ್ಟದ ಸರ್ಕಾರಿ ವರದಿಯೊಂದರ ದಪ್ಪ ಸಂಪುಟದೊಳಗೆ ಇಟ್ಟಿದ್ದಾನೆ. ಆ ವರದಿ ಅಚ್ಚಾದಂದಿನಿಂದ ಇದೇ ಅದರ ಮೊದಲ ಉಪಯೋಗ ಇರಬೇಕು.

ಸಂಜೆ ಬೀಗ ಹಾಕುವ ಹೊತ್ತು ಮೀರಿದ ಮೇಲೂ ನಾಲ್ಕೈದು ಮಕ್ಕಳು ಕೂತೇ ಇರುತ್ತಾರೆ. ಓದಿನ ಹುಚ್ಚು ಅಂತ ಮೊದಮೊದಲು ನಾನೂ ಹೆಮ್ಮೆಪಟ್ಟಿದ್ದೆ. ಆಮೇಲೆ ಗಮನಿಸಿದೆ, ಹೊರಗೆ ಯಾವುದಾದರೂ ಬೈಕ್ ಸದ್ದಾದರೆ ಪುಟ ತಿರುವುವ ಕೈ ಅಲ್ಲೇ ನಿಲ್ಲುತ್ತದೆ. ಪಿಯುಸಿ ಓದುವ ಒಬ್ಬ ಹುಡುಗ ಇದರಲ್ಲಿ ಪಂಡಿತ. ಅವರಪ್ಪನದು ಹಳೇ ಟಿವಿಎಸ್ ಎಕ್ಸೆಲ್. ಮನೆ ಮುಂದೆ ಬಂದು ಒಂದೇ ಏಟಿಗೆ ಸ್ಟ್ಯಾಂಡ್ ಹಾಕಿದ ಸದ್ದು ಕೇಳಿದರೆ ಊಟಕ್ಕೆ ಕೂರಬಹುದು. ಎರಡು-ಮೂರು ಸಲ ಒದ್ದು ಹಾಕಿದರೆ ತಟ್ಟೆ ಎತ್ತಿ ಒಳಗೆ ಹೋಗಬೇಕು. ಸ್ಟ್ಯಾಂಡೇ ಹಾಕದೆ ಗೋಡೆಗೆ ಒರಗಿಸಿದ ಸದ್ದಾದರೆ ತಂಗಿಯನ್ನು ಕರೆದುಕೊಂಡು ಹಿತ್ತಲ ಬಾಗಿಲಿಂದ ದೊಡ್ಡಮ್ಮನ ಮನೆಗೆ. ಹವಾಮಾನ ಇಲಾಖೆಯವರು ಮಳೆ ಹೇಳಿದಷ್ಟೇ ಶಾಂತವಾಗಿ ನನಗೆ ಇದನ್ನು ವಿವರಿಸಿದ. ಅದೇ ಹುಡುಗನನ್ನು ಕಾಲೇಜಿನಲ್ಲಿ 'ಏಕಾಗ್ರತೆ ಇಲ್ಲ' ಅಂತ ಎಬ್ಬಿಸಿ ನಿಲ್ಲಿಸಿದ್ದರಂತೆ. ಅವನ ಏಕಾಗ್ರತೆ ಎಲ್ಲಿ ಖರ್ಚಾಗುತ್ತಿದೆ ಅಂತ ನನಗೆ ಗೊತ್ತು.

ಹೊಡೆತ ಬಡಿತ ಇರುವ ಮನೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಸುಮ್ಮನೆ ಕುಡಿದು ಸುಮ್ಮನೆ ಬಿದ್ದುಕೊಳ್ಳುವವರ ಮನೆಗಳೂ ಇವೆ. ಅಲ್ಲಿನ ಹುಡುಗಿಯರು ಗೆಳತಿಯರನ್ನು ಮನೆಗೆ ಕರೆಯುವುದಿಲ್ಲ, ಟೂರಿಗೆ ದುಡ್ಡು ಕೇಳುವುದಿಲ್ಲ, ಅಪ್ಪನ ವಾಂತಿ ಬಳಿದು ಸ್ನಾನ ಮಾಡಿ ಪ್ರಾರ್ಥನೆಗೆ ಸರಿಯಾಗಿ ಶಾಲೆ ಮುಟ್ಟುತ್ತಾರೆ. ತಾಯಿಯೇ ಕುಡಿಯುವ ಮನೆಯೂ ನಮ್ಮಲ್ಲಿ ಒಂದಿದೆ. ಗಂಡಸು ಕುಡಿದರೆ 'ದುಡಿದ ಮೈ, ನೋವು ಮರೆಯಾಕೆ' ಅನ್ನುವ ಕಟ್ಟೆಯ ಹಿರಿಯರು ಆಕೆಯ ವಿಷಯಕ್ಕೆ ಬಂದಾಗ ಬಳಸುವ ಮಾತನ್ನು ಇಲ್ಲಿ ಬರೆಯಲಾರೆ. ಆ ಮಾತು ಬೀಳುವುದು ಅವಳ ಮಗಳ ಕಿವಿಗೆ.

ಇನ್ನೊಬ್ಬನ ವಿಷಯ. ಹದಿನೇಳು ವರ್ಷ, ಒಂದು ದಿನ ಬಲಗೈ ಬೆರಳ ಗೆಣ್ಣು ಊದಿಸಿಕೊಂಡು ಬಂದ. ಅವ್ವನ ಕೂದಲು ಹಿಡಿದ ಅಪ್ಪನಿಗೆ ಅವತ್ತು ಮೊದಲ ಸಲ ತಿರುಗಿ ಹೊಡೆದಿದ್ದ. ನಾನು ಅರಿಶಿನ ಹಚ್ಚಿ ಬಟ್ಟೆ ಕಟ್ಟುತ್ತಿದ್ದಾಗ ಅವನು ಹೇಳಿದ್ದು ಇಷ್ಟೇ: "ಅವ್ವ ನನ್ನೇ ಬೈದ್ಲು ಅಕ್ಕ. ಹೆತ್ತಪ್ಪನ ಮೇಲೆ ಕೈ ಮಾಡ್ತೀಯಾ ಅಂದ್ಲು." ತಿಂಗಳೊಳಗೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ. ದ್ವಿತೀಯ ಪಿಯುಸಿಯ ಅರ್ಧದಲ್ಲಿ ಓದು ನಿಂತಿತು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅವನು ಕಾಲೇಜು ಬಿಟ್ಟವನು, ಅಷ್ಟೇ.

ನನ್ನದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಊರವರ ಮನೆ ತೂತು ಎಣಿಸುತ್ತಿದ್ದಾಳೆ ಅಂತಾರೆ.

2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ನಿಂತಾಗ ನಾನು ಒಂಬತ್ತನೇ ಕ್ಲಾಸು. ಅಪ್ಪ ಲಾರಿಗೆ ಚೀಲ ತುಂಬುವ ಹಮಾಲಿ, ದಿನಾ ಪ್ಯಾಕೆಟ್. ಅವತ್ತು ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ತಿಂಗಳು ತುಂಬುವ ಮೊದಲೇ ಅಪ್ಪನ ಕೈಗೆ ಪ್ಯಾಕೆಟ್ ಬದಲು ಕ್ವಾರ್ಟರ್ ಬಾಟಲಿ ಬಂತು. ಕಿಕ್ಕು ಅದೇ, ರೇಟು ಜಾಸ್ತಿ. ಮನೆಗೆ ಬರುವ ದುಡ್ಡು ಇನ್ನಷ್ಟು ಕಡಿಮೆಯಾಯಿತು. ಆ ದೀಪಾವಳಿಗೆ ನಾನೊಂದು ಉಪಾಯ ಹೂಡಿದೆ. ಹಿರಿಯರಿಗೆ ಎಡೆ ಇಟ್ಟ ಹೊತ್ತಿನಲ್ಲಿ ಅಪ್ಪನ ಕೈ ಹಿಡಿದು ನನ್ನ ತಲೆ ಮೇಲೆ ಇಟ್ಟುಕೊಂಡು, ಇನ್ನು ಕುಡಿಯಲ್ಲ ಅಂತ ಆಣೆ ಹಾಕಿಸಿದೆ. ಅವನು ಅಳುತ್ತಾ ಹಾಕಿದ. ನಿಜವಾಗಿಯೂ ಬಿಟ್ಟ.

ಮರುದಿನ ಬೆಳಿಗ್ಗೆ ಟೀ ಲೋಟ ಹಿಡಿಯಲಾರದಷ್ಟು ಕೈ ನಡುಗಿತು. ರಾತ್ರಿ ಫಿಟ್ಸ್ ಬಂತು. ಪಕ್ಕದ ಮನೆಯವರು ಕೈಗೆ ಕಬ್ಬಿಣದ ಬೀಗದಕೈ ತುರುಕಿದರು, ಗಾಳಿ ಸೋಕಿದೆ ಅಂದರು. ಮೂರನೇ ದಿನ ಗೋಡೆ ತುಂಬಾ ಕೆಂಜಿಗ ಹತ್ತಿವೆ ಅಂತ ಕೈಯಲ್ಲಿ ಒರೆಸತೊಡಗಿದ. ಗೂಡ್ಸ್ ಟೆಂಪೋದಲ್ಲಿ ಮಲಗಿಸಿಕೊಂಡು ದಾವಣಗೆರೆಯ ಆಸ್ಪತ್ರೆಗೆ ಹೋದೆವು. ಅಲ್ಲಿ ಡ್ಯೂಟಿಯಲ್ಲಿದ್ದ ಡಾಕ್ಟರು "ಹಿಂಗೆ ಒಂದೇ ಸಲಕ್ಕೆ ಯಾರು ಬಿಡಿಸಿದ್ದು?" ಅಂತ ಗದರಿದರು. ಅವ್ವ ನನ್ನ ಕಡೆ ನೋಡಿದಳು.

ವರ್ಷಗಟ್ಟಲೆ ದಿನಾ ಕುಡಿದವರು ಏಕಾಏಕಿ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಒಂದೆರಡು ದಿನದೊಳಗೆ ಫಿಟ್ಸ್, ಮೂರ‍್ನಾಲ್ಕನೇ ದಿನಕ್ಕೆ ಇಲ್ಲದ್ದು ಕಾಣುವ ಭ್ರಮೆ ಬರಬಹುದು, ಚಿಕಿತ್ಸೆ ಸಿಗದಿದ್ದರೆ ಪ್ರಾಣವೂ ಹೋಗಬಹುದು ಎಂಬುದು ವೈದ್ಯಲೋಕಕ್ಕೆ ಬಹಳ ಹಿಂದಿನಿಂದ ಗೊತ್ತು. ಅದಕ್ಕೆ ಮಾತ್ರೆ ಇದೆ, ವಿಟಮಿನ್ ಬಿ1 ಇಂಜೆಕ್ಷನ್ ಇದೆ, ವೈದ್ಯರ ಕಣ್ಣಳತೆಯಲ್ಲಿ ನಿಧಾನಕ್ಕೆ ಬಿಡಿಸುವ ಕ್ರಮ ಇದೆ. ಹದಿನಾಲ್ಕು ವರ್ಷದ ನನಗೆ ಗೊತ್ತಿರಲಿಲ್ಲ. ನಾನೇ ಅಪ್ಪನನ್ನು ಸಾಯಿಸುತ್ತಿದ್ದೆ ಅಂದುಕೊಂಡೆ.

ಅಪ್ಪ ಬದುಕಿದ. ಸಂಕ್ರಾಂತಿ ಹೊತ್ತಿಗೆ ಮತ್ತೆ ಕುಡಿದ. ಆಣೆ ಮುರಿದರೆ ಯಾರ ತಲೆ ಮುಟ್ಟಿದ್ದರೋ ಅವರಿಗೆ ಕೇಡು ಅಂತ ನಮ್ಮ ಕಡೆ ನಂಬಿಕೆ. ನಾನು ಸಾಯಲು ಸಿದ್ಧಳಾದೆ. ಗಾಬರಿಯೇನೂ ಇರಲಿಲ್ಲ, ಒಂದು ಕೆಲಸ ಮುಗಿಸಿಕೊಳ್ಳುವ ಹಾಗೆ. ನನ್ನ ಜಾಮಿಟ್ರಿ ಬಾಕ್ಸನ್ನು ತಂಗಿಗೆ ಕೊಟ್ಟೆ. ಏಪ್ರಿಲ್ ಬಂದರೂ ಸಾಯದಿದ್ದಾಗ ವಾಪಸ್ ಕೇಳಿದೆ. ಅವಳು ಕೊಡಲಿಲ್ಲ. ಆ ಜಗಳ ಇವತ್ತಿಗೂ ಮನೆಯಲ್ಲಿ ನಗೆಯ ಮಾತು. ಬಾಕ್ಸ್ ಯಾಕೆ ಕೊಟ್ಟಿದ್ದೆ ಅಂತ ಮಾತ್ರ ಈವರೆಗೆ ಯಾರಿಗೂ ಹೇಳಿರಲಿಲ್ಲ.

ಇಷ್ಟುದ್ದ ಹೇಳಿದ್ದು ಕನಿಕರಕ್ಕಲ್ಲ. ಇಂಥ ಮನೆಯ ಮಕ್ಕಳೆಲ್ಲರ ತಲೆಯೊಳಗೆ ಇದೇ ಲೆಕ್ಕ ಓಡುತ್ತಿರುತ್ತದೆ: ನಾನು ಹೆಚ್ಚು ಮಾರ್ಕ್ಸ್ ತೆಗೆದರೆ ಬಿಡುತ್ತಾನೇನೋ, ನಾನು ಎದುರು ಮಾತಾಡಿದ್ದಕ್ಕೆ ಕುಡಿದನೇನೋ. ಇದು ನಿನ್ನಿಂದ ಆದದ್ದಲ್ಲ, ಇದನ್ನು ವಾಸಿ ಮಾಡುವುದೂ ನಿನ್ನ ಕೆಲಸವಲ್ಲ ಅಂತ ದೊಡ್ಡವರೊಬ್ಬರು ಬಾಯಿಬಿಟ್ಟು ಹೇಳಬೇಕು. ನನಗೆ ಯಾರೂ ಹೇಳಲಿಲ್ಲ. 'ನಾನೂ ಮುಂದೆ ಹಂಗೇ ಆಗ್ತೀನಾ ಅಕ್ಕ' ಅಂತ ಕೇಳುವ ಹುಡುಗರಿಗೂ ಉತ್ತರ ಬೇಕು. ಅದು ಸ್ವಲ್ಪ ರಕ್ತದಲ್ಲಿ ಬರುತ್ತದೆ, ಸ್ವಲ್ಪ ಮನೆಯಿಂದ ಬರುತ್ತದೆ, ಆದರೆ ಹಣೆಬರಹವಲ್ಲ.

ಈಗ ಲೆಕ್ಕದ ವಿಷಯ, ಅದು ನಿಮಗೆ ಹತ್ತಿರದ್ದು. 2025-26ರ ರಾಜ್ಯ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎತ್ತುವ ಗುರಿ ಇತ್ತು. ಎಷ್ಟು ಬಾಕ್ಸ್ ಹೋಯಿತು ಅಂತ ಇಲಾಖೆ ಲೆಕ್ಕ ಇಡುತ್ತದೆ. ಕುಡಿಯುವವರ ಲೆಕ್ಕವೂ ಇದೆ: ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಕುಡಿಯುತ್ತಾರೆ, ಅವರಲ್ಲಿ 5.7 ಕೋಟಿ ಜನರಿಗೆ ಕುಡಿತವೇ ತೊಂದರೆಯಾಗಿ ನೆರವು ಬೇಕಾದ ಸ್ಥಿತಿ. ಆ 5.7 ಕೋಟಿ ಜನ ಸಂಜೆ ಹೋಗುವುದು ಒಂದೊಂದು ಮನೆಗೆ ತಾನೆ? ಆ ಮನೆಗಳಲ್ಲಿ ಪುಸ್ತಕ ಹಿಡಿದು ಕೂತವರು ಎಷ್ಟು? ಅಮೆರಿಕದಲ್ಲಿ ಫೆಲಿಟಿ ಮತ್ತು ಆಂಡಾ ಎಂಬ ವೈದ್ಯರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹಿಂದುಮುಂದಾಗಿ ನೋಡಿತು. ಬಾಲ್ಯದಲ್ಲಿ ಮನೆಯೊಳಗೆ ಕುಡಿತ, ಹೊಡೆತದಂಥವನ್ನು ಹೆಚ್ಚು ಕಂಡವರು ದೊಡ್ಡವರಾದ ಮೇಲೆ ಖಿನ್ನತೆಗೆ, ಹೃದ್ರೋಗಕ್ಕೆ, ತಾವೇ ಕುಡಿತಕ್ಕೆ ಹೆಚ್ಚಾಗಿ ಸಿಕ್ಕುವುದು ಅದರಲ್ಲಿ ಕಂಡಿತು. ನಮ್ಮ ತಾಲ್ಲೂಕಿನಲ್ಲಿ ಅಂಥ ಮಕ್ಕಳನ್ನು ಎಣಿಸುವ ರಿಜಿಸ್ಟರ್ ಇಲ್ಲ. ಇರುವುದು ನನ್ನ ಡ್ರಾಯರ್.

ಅಂಗಡಿಗಳ ವಿಷಯ ಬೇಗ ಮುಗಿಸುತ್ತೇನೆ, ನಿಮಗೆ ಗೊತ್ತಿರದ್ದೇನಲ್ಲ. ಶಾಲೆ, ದೇವಸ್ಥಾನ, ಆಸ್ಪತ್ರೆಯಿಂದ 100 ಮೀಟರ್ ದೂರ ಇರಬೇಕೆಂಬ ನಿಯಮ ಪರವಾನಗಿ ಇರುವ ಅಂಗಡಿಗೆ. ಪರವಾನಗಿಯೇ ಇಲ್ಲದೆ ಬೀಡಿ, ಶಾಂಪೂ ನಡುವೆ ನೈಂಟಿ ಪ್ಯಾಕೆಟ್ ಇಟ್ಟು ಮಾರುವ ಗೂಡಂಗಡಿಗೆ ಯಾವ ಟೇಪು ಹಿಡಿಯುತ್ತೀರಿ? ಅಲ್ಲಿಗೆ ಅಪ್ಪಂದಿರು ಮಕ್ಕಳನ್ನೇ ಕಳಿಸುತ್ತಾರೆ. ಏಳನೇ ಕ್ಲಾಸಿನ ಹುಡುಗ ಪ್ಯಾಕೆಟ್ ಚಡ್ಡಿ ಜೇಬಿಗಿಟ್ಟು, ಚಿಲ್ಲರೆ ಬದಲು ಕೊಟ್ಟ ಚಾಕೊಲೇಟ್ ಬಾಯಿಗಿಟ್ಟುಕೊಂಡು ಓಡುವುದನ್ನು ನಾನು ಕಿಟಕಿಯಿಂದ ನೋಡುತ್ತೇನೆ. ಮದ್ಯ ಮಾರಲು, ಸಾಗಿಸಲು, ತಂದುಕೊಡಲು ಮಗುವನ್ನು ಬಳಸಿದವರಿಗೆ 2015ರ ಬಾಲನ್ಯಾಯ ಕಾಯ್ದೆಯ 78ನೇ ಕಲಮಿನಡಿ 7 ವರ್ಷದವರೆಗೆ ಕಠಿಣ ಜೈಲು, 1 ಲಕ್ಷದವರೆಗೆ ದಂಡ ಇದೆ. ಹಾಗಂತ ಆ ಅಪ್ಪನನ್ನು ಒಳಗೆ ಹಾಕಿ ಅಂತ ನಾನು ಕೇಳುತ್ತಿಲ್ಲ. ಹಾಕಿದರೆ ಆ ಹುಡುಗ ಇನ್ನೂ ಹತ್ತು ವರ್ಷ ತನ್ನನ್ನೇ ಬೈದುಕೊಳ್ಳುತ್ತಾನೆ. ಮಗುವಿನ ಕೈಗೆ ಕೊಟ್ಟ ಅಂಗಡಿಯವನನ್ನು ಹಿಡಿಯಿರಿ. ಪಂಚಾಯಿತಿ ಚುನಾವಣೆ ಬಂದಾಗ ಇದೇ ಪ್ಯಾಕೆಟ್ ಪುಕ್ಕಟೆ ಮನೆಬಾಗಿಲಿಗೆ ಬರುತ್ತದೆ, ಅದನ್ನು ಕೊಡುವವರು ಆಮೇಲೆ ನಮ್ಮ ಲೈಬ್ರರಿಯಲ್ಲೇ ಧ್ವಜ ಹಾರಿಸುತ್ತಾರೆ. ಇದು ಸುಮ್ಮನೆ ನೆನಪಾಯಿತು, ಬರೆದೆ.

ಪೂರ್ತಿ ಪಾನನಿಷೇಧ ಕೇಳಬಾರದೇ ಅಂತ ನೀವು ಕೇಳಬಹುದು. 2019ರ ಜನವರಿ 19ರಂದು ಚಿತ್ರದುರ್ಗದಿಂದ ಹೊರಟ ಸಾವಿರಾರು ಹೆಂಗಸರು ಅದನ್ನೇ ಕೇಳುತ್ತಾ ಸುಮಾರು 200 ಕಿಲೋಮೀಟರ್ ನಡೆದು, ಗಾಂಧಿ ಹುತಾತ್ಮರಾದ ದಿನ, 30ರಂದು ಬೆಂಗಳೂರು ಮುಟ್ಟಿದರು. ನಮ್ಮೂರಿನ ಇಬ್ಬರು ಎರಡು ದಿನ ಅವರ ಜೊತೆ ನಡೆದು, ಕಾಲು ಬೊಬ್ಬೆ ಬಂದು ಬಸ್ ಹತ್ತಿ ವಾಪಸ್ ಬಂದರು. ಆ ಹೆಜ್ಜೆಗಳಿಗೆ ನನ್ನ ನಮಸ್ಕಾರ ಇದೆ. ಆದರೆ 2007ರಲ್ಲಿ ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆದದ್ದನ್ನು ನಮ್ಮ ಮನೆಯೊಳಗೇ ಕಂಡವಳು ನಾನು. ಅಷ್ಟು ದೊಡ್ಡದು ಆಗುವವರೆಗೆ ಕಾಯುವಷ್ಟು ಹೊತ್ತು ಹತ್ತನೇ ಕ್ಲಾಸಿನ ಮಕ್ಕಳಿಗಿಲ್ಲ. ಅಪ್ಪ ಬಿಟ್ಟ ಮೇಲೆ ಮಗು ಸರಿಹೋಗುತ್ತದೆ ಅಂತ ಎಲ್ಲ ಯೋಜನೆಗಳೂ ಅಂದುಕೊಂಡಿವೆ. ಅಪ್ಪ ಬಿಡದಿದ್ದರೆ? ಬಿಟ್ಟು ಮತ್ತೆ ಹಿಡಿದರೆ? ಆ ಸಂಜೆಗಳಲ್ಲಿ ಮಗು ಎಲ್ಲಿರಬೇಕು?

ನಾನು ಕೇಳುತ್ತಿರುವುದು ದೀಪ. ಅರಿವು ಕೇಂದ್ರಗಳು ಸಂಜೆ 6ರಿಂದ ರಾತ್ರಿ 10ರವರೆಗೆ ತೆರೆದಿರಲಿ. ವರ್ಷಪೂರ್ತಿ ಆಗದಿದ್ದರೆ ಜೋಳ ಮಾರುವ ಅಕ್ಟೋಬರ್-ನವೆಂಬರ್‌ನಲ್ಲಿ, ಮತ್ತೆ ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ. ಎರಡನೇ ಪಾಳಿಗೆ ಇನ್ನೊಬ್ಬ ಹೆಣ್ಣುಮಗಳನ್ನು ಕೊಡಿ, ಅವಳಿಗೆ ಸಂಬಳ ಕೊಡಿ. ಹೆಣ್ಣುಮಕ್ಕಳನ್ನು ಮನೆ ಮುಟ್ಟಿಸಲು ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಬೇಡಿ, ಅವರ ತಲೆ ಮೇಲೆ ಈಗಾಗಲೇ ಸಾಕಷ್ಟಿದೆ. ಕಕ್ಕಸಿಗೆ ನೀರು ಬೇಕು. ಕೆಟ್ಟಿರುವ ಟ್ಯೂಬ್‌ಲೈಟು ನಾನೇ ಹಾಕಿಸುತ್ತೇನೆ. ಕರೆಂಟ್ ಬಿಲ್ಲು ಜಾಸ್ತಿ ಬಂತು ಅಂತ ಪಿಡಿಒ ಅವರು ನನ್ನನ್ನು ಕೇಳದ ಹಾಗೆ ಒಂದು ಆದೇಶ ಮಾತ್ರ ನಿಮ್ಮಿಂದ ಬೇಕು.

ಶಾಲೆಗಳಿಗೂ ಒಂದು ಮಾತು ಹೋಗಲಿ. ಮಗು ತೂಕಡಿಸಿದರೆ, ಹಾಜರಿ ಕಡಿಮೆಯಾದರೆ, 'ನಾಳೆ ನಿಮ್ಮಪ್ಪನ್ನ ಕರ್ಕೊಂಡು ಬಾ' ಅನ್ನುವುದನ್ನು ಸ್ವಲ್ಪ ತಡೆಯಿರಿ. ಆ ಅಪ್ಪ ಕುಡಿದೇ ಶಾಲೆ ಅಂಗಳಕ್ಕೆ ಬಂದು ಮಗಳ ಹೆಸರು ಕೂಗಿದ್ದನ್ನು ನೋಡಿದ್ದೇನೆ. ಅವಳು ಮತ್ತೆ ಶಾಲೆಗೆ ಬರಲು ಒಂಬತ್ತು ದಿನ ಹಿಡಿಯಿತು. ಮೊದಲು ಮಗುವನ್ನೇ ಪಕ್ಕಕ್ಕೆ ಕರೆದು, ರಾತ್ರಿ ನಿದ್ದೆ ಆಯ್ತಾ ಅಂತ ಕೇಳಿದರೆ ಸಾಕು. ಮಕ್ಕಳ ಗ್ರಾಮಸಭೆಯಲ್ಲೂ ಇದು ಬರುವುದಿಲ್ಲ. ಅಲ್ಲಿ ಮೈಕ್ ಮುಂದೆ ಮಕ್ಕಳು ಆಟದ ಮೈದಾನ, ಬಸ್ಸು, ಚರಂಡಿ ಕೇಳುತ್ತಾರೆ. ಮುಂದಿನ ಸಾಲಿನಲ್ಲಿ ಕೂತ ಅಪ್ಪನನ್ನು ನೋಡುತ್ತಾ ಯಾರು ತಾನೇ ಬೇರೆ ಮಾತಾಡಿಯಾರು? ಒಂದು ಚೀಟಿ ಪೆಟ್ಟಿಗೆ ಇಡಿಸಿ.

ಇರುವ ಸೌಲಭ್ಯಗಳ ಬಗ್ಗೆಯೂ ಹೇಳದಿದ್ದರೆ ತಪ್ಪಾಗುತ್ತದೆ. ಮನಸ್ಸಿನ ಕಷ್ಟ ಹೇಳಿಕೊಳ್ಳಲು 2022ರ ಅಕ್ಟೋಬರ್‌ನಿಂದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಮಕ್ಕಳಿಗೆ 1098 ಸಹಾಯವಾಣಿ ಇದೆ. ಮನೋಚೈತನ್ಯ ಯೋಜನೆಯಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಕ್ಲಿನಿಕ್ ಇದೆ. ಈ ಮೂರನ್ನೂ ನಾನು ಕೈಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೇನೆ. 1098ರ ಕೆಳಗೆ ಯಾರೋ ಪೆನ್ಸಿಲ್‌ನಲ್ಲಿ ಸಣ್ಣಗೆ 'ಅಪ್ಪನ್ನ ಪೊಲೀಸರು ಹಿಡ್ಕೊಂಡು ಹೋಗ್ತಾರಾ' ಅಂತ ಬರೆದಿದ್ದಾರೆ. ಮಕ್ಕಳು ಫೋನ್ ಮಾಡದಿರುವುದಕ್ಕೆ ಕಾರಣ ನಂಬರ್ ಗೊತ್ತಿಲ್ಲದ್ದಲ್ಲ, ಇದು. ನಿಮ್ಮ ಮಕ್ಕಳ ರಕ್ಷಣಾ ಘಟಕದವರು ಒಂದು ದಿನ ಬಂದು ಫೋನ್ ಮಾಡಿದ ಮೇಲೆ ಏನಾಗುತ್ತದೆ, ಏನಾಗುವುದಿಲ್ಲ ಅಂತ ಕೂತು ಹೇಳಲಿ. ಆ ಪೆನ್ಸಿಲ್ ಸಾಲನ್ನು ನಾನು ಅಳಿಸಿಲ್ಲ.

ಹಾಲ್ ಟಿಕೆಟ್ ಕೊಟ್ಟಿದ್ದ ಹುಡುಗಿ ಆರೂ ಪರೀಕ್ಷೆ ಬರೆದಳು. ಪ್ರತಿ ಪರೀಕ್ಷೆಯ ಬೆಳಿಗ್ಗೆ ಬಂದು ಒಯ್ದು, ಮಧ್ಯಾಹ್ನ ತಂದು ಮತ್ತೆ ನನ್ನ ಕೈಗೇ ಕೊಟ್ಟು ಹೋಗುತ್ತಿದ್ದಳು. ಪಾಸಾದಳು, ಈಗ ಪ್ರಥಮ ಪಿಯುಸಿ. ಮಾರ್ಕ್ಸ್ ಕಾರ್ಡೂ ನನ್ನ ಹತ್ತಿರವೇ ಇದೆ.

ನೀವು ನೋಡಲು ಬರುವುದಾದರೆ ಸಂಜೆ ಏಳರ ಮೇಲೆ ಬನ್ನಿ, ಬೆಳಿಗ್ಗೆ ಬಂದರೆ ಪೇಪರ್ ಓದುವ ಹಿರಿಯರು ಮಾತ್ರ ಸಿಗುತ್ತಾರೆ. ಇನ್ನೊಂದು ವಿನಂತಿ. ಗಾಡಿಯನ್ನು ಬಸ್ ಸ್ಟ್ಯಾಂಡ್ ಹತ್ತಿರವೇ ನಿಲ್ಲಿಸಿ ಅಲ್ಲಿಂದ ನಡೆದು ಬನ್ನಿ. ಬಾಗಿಲ ಮುಂದೆ ಗಾಡಿ ನಿಂತ ಸದ್ದಾದರೆ ಮಕ್ಕಳು ಓದುವುದನ್ನು ನಿಲ್ಲಿಸುತ್ತಾರೆ.

ಇತಿ,
ಗ್ರಂಥಾಲಯ ಮೇಲ್ವಿಚಾರಕಿ,
ಜಗಳೂರು ತಾಲ್ಲೂಕು